ಕುದಿಸಿದರಷ್ಟೇ ಸಾಲದು

ಸಿಂದಗಿ ಕಡೆಯ ಒಂದು ಮನೆಯಲ್ಲಿ ತಾಯಿಯೊಬ್ಬರು ತಮ್ಮ ಹತ್ತು ವರ್ಷದ ಮಗನನ್ನು ಮುಂದೆ ನಿಲ್ಲಿಸಿ, ಅವನ ತುಟಿ ಸರಿಸಿ ತೋರಿಸಿದರು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಗೆರೆಗಳು. “ಹುಟ್ಟಿದಾಗಿಂದ ನೀರು ಸೋಸಿ, ಕುದಿಸಿ, ಆರಿಸಿ ಕೊಟ್ಟೀನ್ರೀ. ಮತ್ತ ಹಲ್ಲು ಹಿಂಗ್ಯಾಕಾದುವು?” ಎಂದು ಕೇಳಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಈ ಪ್ರಶ್ನೆ ಆ ಒಂದು ಮನೆಯದಷ್ಟೇ ಅಲ್ಲ. ಆದಕಾರಣ ಅದರ ಉತ್ತರವನ್ನು ತಮ್ಮೆಲ್ಲರ ಮುಂದೆ ಇಡಬೇಕೆಂದು ಬಯಸಿದ್ದೇನೆ.

ನೀರಿನ ದೋಷ ಎರಡು ಬಗೆ. ಒಂದು ಜೀವವುಳ್ಳದ್ದು, ಇನ್ನೊಂದು ಜೀವವಿಲ್ಲದ್ದು.

ಜೀವವುಳ್ಳ ದೋಷವನ್ನು ನಮ್ಮ ಹಿರಿಯರು ನಾರುಹುಣ್ಣಿನ ರೂಪದಲ್ಲಿ ಕಂಡಿದ್ದರು. ಕಾಲಲ್ಲಿ ಹುಣ್ಣಿದ್ದವರು ನೀರು ತುಂಬಲು ಮೆಟ್ಟಿಲು ಬಾವಿಗೆ ಇಳಿದಾಗ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು. ಅವನ್ನು ನೀರಿನಲ್ಲಿರುವ ಒಂದು ಸಣ್ಣ ಜೀವಿ ನುಂಗುತ್ತಿತ್ತು. ಆ ನೀರು ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ಮೇಲೆ ಮೊಳದುದ್ದಕ್ಕೂ ಮೀರಿದ ಹುಳು ಹೊರಬರುತ್ತಿತ್ತು. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲು ಬಾವಿಗೆ ಇಳಿಯುವುದನ್ನು ತಪ್ಪಿಸಿದರು, ಕೈಪಂಪು ಹಾಕಿಸಿದರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಅಂಗೈಯಗಲದ ಅರಿವೆಯೂ ಅರಿತು ಬಳಸಿದರೆ ಎಷ್ಟು ದೊಡ್ಡ ಕೆಲಸ ಮಾಡೀತು ನೋಡಿ!

ಕಾಲರಾ, ವಿಷಮಶೀತಜ್ವರ, ಕಾಮಾಲೆಗಳ ಜಂತುಗಳು ಇನ್ನೂ ಸಣ್ಣವು, ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಅವಕ್ಕೆ ಕುದಿಸುವುದೇ ಮದ್ದು. ತೆರೆದ ಬಾವಿಯಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಮೂರು ಮೀಟರ್ ಅಡ್ಡಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ 70 ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ರಾತ್ರಿ ಬಾವಿಗೆ ಬಿಟ್ಟು, ಬೆಳಿಗ್ಗೆ ನೀರು ಸೇದಿರಿ. ತಿಪ್ಪೆಯೂ ಶೌಚದ ಗುಂಡಿಯೂ ಬಾವಿಯಿಂದ 50 ಅಡಿಯಾದರೂ ದೂರವಿರಲಿ.

ಇನ್ನು ಜೀವವಿಲ್ಲದ ದೋಷ. ಡೋಣಿ ಹೊಳೆಯ ನೀರು ಸವಳೆಂದು ನಾಲಗೆಯೇ ಹೇಳುತ್ತದೆ. ಆದರೆ ಕಲ್ಲಿನಿಂದ ಕರಗಿ ನೀರಿಗೆ ಸೇರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನಲ್ಲಿರುವಷ್ಟಕ್ಕೆ ರುಚಿಯೂ ತಿಳಿಯದು. ಇದರ ರೋಗವನ್ನು ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದರು. ನಮ್ಮ ಈ ತಾಲೂಕುಗಳ ಹಲವೆಡೆ ಅಂತರ್ಜಲದಲ್ಲಿ ಅದು ಮಿತಿ ಮೀರಿ ಸಿಕ್ಕಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಾಗ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕೂ ಮೀರಿದ ನೀರು ಮಕ್ಕಳ ಹಲ್ಲನ್ನು ಕೆಡಿಸುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದು ವರ್ಷಾನುಗಟ್ಟಲೆ ಕುಡಿದರೆ ಬೆನ್ನು, ಕೀಲುಗಳು ಬಿಗಿದು ಬಗ್ಗದಂತಾಗುತ್ತವೆ.

ಈ ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಇರುವ ನಾಲ್ಕು ಲೀಟರ್ ನೀರು ಕುದಿದು ಮೂರು ಲೀಟರಾದರೆ, ಅದು 2 ಮಿಲಿಗ್ರಾಂ ಆಗುತ್ತದೆ. ನೀರು ಆವಿಯಾಯಿತು, ಲವಣ ಉಳಿಯಿತು. ಆ ತಾಯಿಯ ಜತನ ಸುಳ್ಳಲ್ಲ. ಅದು ಮಗುವನ್ನು ಜಂತುಗಳಿಂದ ಕಾಯಿತು. ಆದರೆ ಈ ದೋಷಕ್ಕೆ ಅದು ಮದ್ದಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ನೀರನ್ನು ಪರೀಕ್ಷೆ ಮಾಡಿಸಿರಿ. ನೆರೆಮನೆಯ ಬೋರು ಚೆನ್ನಾಗಿದ್ದರೆ ನಿಮ್ಮದೂ ಹಾಗೆಯೇ ಇರಬೇಕೆಂದಿಲ್ಲ. ಹಳ್ಳಿಯವರು ಗ್ರಾಮ ಪಂಚಾಯತಿಯಲ್ಲಿ ಪರೀಕ್ಷೆಯ ಕಿಟ್ಟನ್ನು ಕೇಳಬಹುದು. ಎರಡನೆಯದಾಗಿ, ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡು ಕಡಿಮೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಕೃಷ್ಣೆಯ ನೀರು ನಿಮ್ಮ ನಳಕ್ಕೆ ಬರುತ್ತಿದ್ದರೆ, ಅದನ್ನು ಮಾಳಿಗೆಯ ಟ್ಯಾಂಕಿನಲ್ಲಿ ಬೋರಿನ ನೀರಿನೊಡನೆ ಬೆರೆಸಬೇಡಿ. ಕುಡಿಯಲು, ಅಡಿಗೆಗೆ ಅದನ್ನೇ ಬೇರೆ ಹಿಡಿದಿಡಿ. ಬೋರಿನದು ಬಟ್ಟೆಗೆ, ಸ್ನಾನಕ್ಕೆ ಆಗಲಿ.

ಮೂರನೆಯದು ಮಳೆಯ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಾಂಕ್ರೀಟು ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಬಿದ್ದು, ಅದರಲ್ಲಿ ಅರ್ಧ ಪೋಲಾದರೂ 25,000 ಲೀಟರ್ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರೆಂದರೆ ವರ್ಷಕ್ಕೆ 9,125 ಲೀಟರ್ ಸಾಕು. ಮಣ್ಣಿನ ಮಾಳಿಗೆಯ ನೀರು ಇದಕ್ಕೆ ಬಾರದು. ಮೊದಲ ಮಳೆಯನ್ನು ಹೊರಗೆ ಬಿಡಿ, ತೊಟ್ಟಿಗೆ ಮುಚ್ಚಳವಿರಲಿ. ಮಳೆನೀರಿಗೂ ಜಂತು ಸೇರಬಹುದಾದ್ದರಿಂದ ಇದನ್ನು ಕುದಿಸಿಯೇ ಕುಡಿಯಿರಿ. ಇಲ್ಲಿ ಕುದಿಸುವುದು ತಕ್ಕ ಮದ್ದು.

ಹಲ್ಲಿಗೆ ಒಮ್ಮೆ ಮೂಡಿದ ಕಲೆ ಉಜ್ಜಿದರೆ ಹೋಗದು. ಆದರೆ ಆ ದಿನ ಅದೇ ಮನೆಯ ತೊಟ್ಟಿಲಲ್ಲಿ ಒಂದು ಹೆಣ್ಣು ಕೂಸು ಮಲಗಿತ್ತು. ಶಾಶ್ವತ ಹಲ್ಲುಗಳು ಎಂಟು ವರ್ಷದೊಳಗೆ ಒಸಡಿನೊಳಗೇ ರೂಪುಗೊಳ್ಳುತ್ತವೆ. ಅಣ್ಣನ ಹಲ್ಲಿನ ಕಾಲ ಮುಗಿಯಿತು, ತಂಗಿಯದು ಇನ್ನೂ ಇದೆ. ತಮ್ಮ ಮನೆಯಲ್ಲಿಯೂ ಅಂಥ ಕೂಸೊಂದಿದ್ದರೆ, ಈ ವಾರವೇ ಒಂದು ಶೀಶೆ ನೀರನ್ನು ಪರೀಕ್ಷೆಗೆ ಕಳುಹಿಸಿರಿ.