ನಮ್ಮ ಭಾನುವಾರದ ಚದುರಂಗ



ನಮ್ಮ ಭಾನುವಾರದ ಕೂಟಕ್ಕೆ ಅಂಧ ಮಿತ್ರರೊಬ್ಬರು ಬರುತ್ತಿರುವುದನ್ನು ತಾವೆಲ್ಲ ಬಲ್ಲಿರಿ. ಸ್ವಯಂಸೇವಕರಾದ ನಾವು ಅವರಿಗೆ ಮುಂದಿನ ಕುರ್ಚಿ ಕೊಡುತ್ತಿದ್ದೆವು, ಚಹಾ ತಂದು ಕೈಗಿಡುತ್ತಿದ್ದೆವು, ಪತ್ರಿಕೆ ಓದಿ ಹೇಳುತ್ತಿದ್ದೆವು. ಇಷ್ಟಕ್ಕೇ ನಮ್ಮ ಕರ್ತವ್ಯ ತೀರಿತೆಂದು ತಿಳಿದಿದ್ದೆವು. ಚದುರಂಗದ ಮಣೆ ಹಾಸಿದೊಡನೆ ಅವರನ್ನು ಮರೆಯುತ್ತಿದ್ದೆವು. ಒಂದು ದಿನ ಅವರೇ ನಕ್ಕು, "ಚಹಾ ಸಾಕಪ್ಪ, ನನಗೂ ಒಂದು ಆಟ ಕೊಡಿ" ಎಂದರು. ನಾವು ತಲೆ ತಗ್ಗಿಸಿದೆವು.

ವಿಚಾರಿಸಿ ಅಂಧರ ಮಣೆಯನ್ನು ತರಿಸಿದೆವು. ಅದರಲ್ಲಿ ಕಪ್ಪು ಮನೆಗಳು ತುಸು ಎತ್ತರ. ಪ್ರತಿ ಮನೆಗೂ ಒಂದು ತೂತು. ಕಾಯಿಯ ಅಡಿಯ ಮೊಳೆ ಅದರಲ್ಲಿ ಕೂಡುವುದರಿಂದ ಕೈ ತಾಗಿದರೂ ಕಾಯಿ ಉರುಳದು. ಕರಿಯ ಕಾಯಿಗಳಿಗೆ ಬೆರಳಿಗೆ ಸಿಗುವ ಗುರುತಿದೆ. ಎದುರಾಳಿಗೆ ಬೇರೆ ಮಣೆ. ಇಬ್ಬರೂ ತಮ್ಮ ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಜರ್ಮನಿಯ ಮೆಶೆಡೆಯಲ್ಲಿ 1961ರಲ್ಲೇ ಅಂಧರ ಮೊದಲ ಚದುರಂಗ ಒಲಿಂಪಿಯಾಡ್ ನಡೆದಿತ್ತಂತೆ. ನಮ್ಮ ಕಣ್ಣು ತೆರೆದದ್ದು ಈಗ! ಮೊದಲ ದಿನವೇ ನಮ್ಮಲ್ಲಿಬ್ಬರು ಅವರಿಗೆ ಸೋತೆವು. ಅಂದಿನಿಂದ ಅವರು ನಮ್ಮ ಅತಿಥಿಯಲ್ಲ, ಜೊತೆಗಾರರು.

ಇನ್ನೊಂದು ಬಿನ್ನಹ. ನಮ್ಮ ಕೊಠಡಿ ಮಹಡಿಯ ಮೇಲಿದೆ. ಊರುಗೋಲು ಹಿಡಿದ ಸದಸ್ಯರೊಬ್ಬರು ಮೆಟ್ಟಿಲ ಬುಡದಲ್ಲೇ ನಿಂತು ಪುಸ್ತಕ ಬದಲಿಸಿಕೊಂಡು ಹೋಗುತ್ತಾರೆ. ಮೇಲಿನ ನಗು ಅವರಿಗೆ ಕೇಳಿಸುತ್ತದೆ, ಅಷ್ಟೆ. ಮುಂದಿನ ಭಾನುವಾರದಿಂದ ಆಟದ ಕೂಟವನ್ನು ಕೆಳಗಿನ ಪಡಸಾಲೆಗೆ ಇಳಿಸೋಣ. ಮಣೆ, ಚಾಪೆ ಹೊರಲು ನಾವು ಸಿದ್ಧ. ತಮ್ಮ ಒಪ್ಪಿಗೆಯೊಂದು ಬೇಕು.