ಗ್ರೀನ್ ಕಾರ್ಡ್ ಮತ್ತು ಹಿರಿಯರ ವಾಸಸ್ಥಾನ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಪಠ್ಯ)





ನಮ್ಮ ಪಟ್ಟಣಗಳ ಹಲವು ಮನೆಗಳ ಮಕ್ಕಳು ಇಂದು ಅಮೇರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಪೌರತ್ವ ಪಡೆದ, 21 ವರ್ಷ ತುಂಬಿದ ಮಗ ಅಥವಾ ಮಗಳು ತಂದೆತಾಯಿಗಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಮಕ್ಕಳು ಪ್ರೀತಿಯಿಂದ ಕರೆಸಿಕೊಳ್ಳುತ್ತಾರೆ, ಹಿರಿಯರು ಹೋಗುತ್ತಾರೆ. ಆದರೆ ಊರಿನ ಮಸೀದಿ, ನೆರೆಹೊರೆ, ಬಂಧುಬಳಗವನ್ನು ಬಿಟ್ಟಿರಲಾರದೆ ಮರಳುತ್ತಾರೆ. ಬಳಿಕ ವರ್ಷದ ಬಹುಭಾಗ ಇಲ್ಲಿ, ಕೆಲವು ವಾರ ಅಲ್ಲಿ. ಹೀಗಿದ್ದರೆ ಕಾರ್ಡ್ ಉಳಿಯುತ್ತದೆಯೇ? ನಮ್ಮಲ್ಲಿ ಬಾಯಿಂದ ಬಾಯಿಗೆ ಹರಡಿರುವ ಉತ್ತರ ಒಂದೇ: ಆರು ತಿಂಗಳಿಗೊಮ್ಮೆ ಆ ನೆಲ ಮುಟ್ಟಿ ಬಂದರೆ ಸಾಕು. ಈ ಉತ್ತರ ತಪ್ಪು.

ಯುಎಇಯ ಸಾಮಾನ್ಯ ಉದ್ಯೋಗ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗುಳಿದರೆ ಸಾಮಾನ್ಯವಾಗಿ ವೀಸಾ ರದ್ದಾಗುತ್ತದೆ. ಕೊಲ್ಲಿಯ ಆ ಅಳತೆಗೋಲನ್ನೇ ನಾವು ಅಮೇರಿಕಕ್ಕೂ ಹಿಡಿಯುತ್ತೇವೆ. ಕೆನಡಾದ ನಿಯಮ ಬೇರೆ. ಅಲ್ಲಿ ಐದು ವರ್ಷಗಳಲ್ಲಿ ಒಟ್ಟು 730 ದಿನಗಳ ವಾಸ ಬೇಕು. ಅಮೇರಿಕದ ಕಾನೂನಾದರೋ ದಿನಗಳನ್ನು ಎಣಿಸುವುದರ ಜೊತೆಗೆ ನಿಮ್ಮ ನಿಜವಾದ ಮನೆ ಎಲ್ಲಿದೆ ಎಂದು ಕೇಳುತ್ತದೆ. 180 ದಿನಗಳಿಗಿಂತ ಹೆಚ್ಚು ನಿರಂತರವಾಗಿ ಹೊರಗಿದ್ದವರನ್ನು ಹೊಸದಾಗಿ ಪ್ರವೇಶ ಕೋರುವವರಂತೆ ಪರಿಶೀಲಿಸಬಹುದು. ಒಂದು ವರ್ಷ ದಾಟಿದರೆ ಮರುಪ್ರವೇಶಕ್ಕೆ ಕಾರ್ಡ್ ಮಾತ್ರ ಸಾಲದು. ಅದಕ್ಕಿಂತ ಕಡಿಮೆ ಅವಧಿಯಲ್ಲಿ ಮರಳಿದರೂ, ಬದುಕೆಲ್ಲ ಇಲ್ಲಿದ್ದು ಅಲ್ಲಿಗೆ ಅತಿಥಿಯಂತೆ ಹೋಗಿಬರುತ್ತಿದ್ದರೆ, ವಾಸವನ್ನು ತೊರೆದಿದ್ದೀರೆಂದು ಅಧಿಕಾರಿ ಭಾವಿಸಬಹುದು. ವಾಸದ ಮನೆ, ಕುಟುಂಬ, ಬ್ಯಾಂಕ್ ಖಾತೆ, ತೆರಿಗೆ ವಿವರ, ಪ್ರಯಾಣದ ಉದ್ದೇಶ ಇವೆಲ್ಲವೂ ಪರಿಗಣನೆಗೆ ಬರುತ್ತವೆ. ಗ್ರೀನ್ ಕಾರ್ಡ್ ಹೊಂದಿದವರು ಇಲ್ಲಿನ ಪಿಂಚಣಿ, ಬಾಡಿಗೆಯ ಆದಾಯವನ್ನೂ ಸಾಮಾನ್ಯವಾಗಿ ಅಲ್ಲಿನ ತೆರಿಗೆ ಇಲಾಖೆಗೆ ತೋರಿಸಬೇಕು. ತೆರಿಗೆಯ ವೇಳೆ ತಾನು ಅನಿವಾಸಿ ಎಂದು ಬರೆದು, ವಿಮಾನ ನಿಲ್ದಾಣದಲ್ಲಿ ತಾನು ನಿವಾಸಿ ಎಂದರೆ ಆ ಮಾತು ನಿಲ್ಲುವುದು ಕಷ್ಟ.

ದೀರ್ಘಕಾಲ ಊರಿನಲ್ಲಿರಬೇಕಾದ ಅನಿವಾರ್ಯತೆ ಇದ್ದರೆ ಕಾನೂನುಬದ್ಧ ದಾರಿಯಿದೆ. ಅದು ರೀಎಂಟ್ರಿ ಪರ್ಮಿಟ್, ಅಂದರೆ ಮರುಪ್ರವೇಶದ ಪರವಾನಗಿ. ಐ-131 ಎಂಬ ಅರ್ಜಿಯನ್ನು ಅಮೇರಿಕದಲ್ಲಿರುವಾಗಲೇ ಸಲ್ಲಿಸಬೇಕು. ಊರಿಗೆ ಬಂದ ಮೇಲೆ ಅರ್ಜಿ ಹಾಕಲಾಗದು. ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಅದಕ್ಕೆ ಮಾನ್ಯತೆ. ಅವಧಿ ವಿಸ್ತರಣೆ ಇಲ್ಲ. ಅದು ಪ್ರವೇಶದ ಖಾತರಿಯೂ ಅಲ್ಲ. ಪರವಾನಗಿ ಇಲ್ಲದೆ ಬಂದವರು ಕಾಯಿಲೆಯಂತಹ ಕೈಮೀರಿದ ಕಾರಣದಿಂದ ಒಂದು ವರ್ಷದೊಳಗೆ ಮರಳಲಾಗದಿದ್ದರೆ, ದಾಖಲೆಗಳೊಂದಿಗೆ ದೂತಾವಾಸದಲ್ಲಿ ಎಸ್‌ಬಿ-1 ವೀಸಾ ಕೋರಬಹುದು. ಆಸ್ಪತ್ರೆಯ ಕಾಗದಪತ್ರಗಳನ್ನು ಜೋಪಾನವಾಗಿಡಿ.

ಹಕ್ಕುಗಳ ಅರಿವೂ ಅಗತ್ಯ. 2017ರ ಜನವರಿಯಲ್ಲಿ ಟ್ರಂಪ್ ಸರಕಾರವು ಏಳು ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರಗಳವರ ಪ್ರವೇಶವನ್ನು ನಿರ್ಬಂಧಿಸಿದಾಗ, ವಿಮಾನ ನಿಲ್ದಾಣಗಳಲ್ಲಿ ಖಾಯಂ ನಿವಾಸಿಗಳನ್ನೂ ತಡೆಹಿಡಿಯಲಾಯಿತು. ಯೆಮನಿನ ಇಬ್ಬರು ಸಹೋದರರಿಂದ ಒತ್ತಡ ಹೇರಿ ಹಕ್ಕು ತ್ಯಜಿಸುವ ಪತ್ರಕ್ಕೆ ಸಹಿ ಪಡೆಯಲಾಯಿತೆಂದು ನ್ಯಾಯಾಲಯದಲ್ಲಿ ದೂರು ದಾಖಲಾಯಿತು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಪಾಠ ನಮಗೂ ಇದೆ. ಐ-407 ಎಂಬ ಆ ಪತ್ರವು ಸ್ವಇಚ್ಛೆಯಿಂದ ಸಲ್ಲಿಸುವಂತಹದ್ದು. ಓದಲಾಗದ ಭಾಷೆಯ ಕಾಗದಕ್ಕೆ ದಣಿದ ಹಿರಿಯರು ಹೆದರಿ ಸಹಿ ಹಾಕಬೇಕಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆಯನ್ನು ಕೋರುವ ಹಕ್ಕು ಅವರಿಗಿದೆ. ಅಲ್ಲಿ ವಾಸವನ್ನು ತೊರೆದಿದ್ದಾರೆಂದು ರುಜುವಾತು ಪಡಿಸಬೇಕಾದುದು ಸರಕಾರ.

ಮಾನ್ಯರೇ, ಹಕ್ಕಿನ ಮಾತಿನ ಜೊತೆಗೆ ಹೊಣೆಯ ಮಾತೂ ಬರಬೇಕು. ಕರಾರುಗಳನ್ನು ಪಾಲಿಸಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ. ಗ್ರೀನ್ ಕಾರ್ಡ್ ಕೂಡಾ ಒಂದು ಕರಾರು: ಇಲ್ಲಿ ನೆಲೆಸುತ್ತೇನೆ ಎಂಬ ಮಾತು. ಐದು ಹೊತ್ತು ನಮಾಝ್ ಮಾಡುವ ವೃದ್ಧರಿಗೆ, ಅಧಿಕಾರಿ ಕೇಳಿದರೆ ಹೀಗೆ ಹೇಳಿ ಎಂದು ಮಕ್ಕಳೇ ಸುಳ್ಳು ಕಲಿಸಿ ಕಳುಹಿಸುವುದು ಯಾವ ಬಗೆಯ ಮಾತಾಪಿತರ ಸೇವೆ? ಕಾರ್ಡಿನ ಸಲುವಾಗಿ ಮಂಡಿನೋವಿನ ತಾಯಿಯನ್ನು ಇಪ್ಪತ್ತು ಗಂಟೆಗೂ ಮಿಕ್ಕಿದ ಪ್ರಯಾಣಕ್ಕೆ ಮತ್ತೆ ಮತ್ತೆ ಹೊರಡಿಸುವುದು ಯಾರ ಹಿತಕ್ಕಾಗಿ?

ಆದುದರಿಂದ ಮನೆಯಲ್ಲಿ ಕುಳಿತು ಸಮಾಲೋಚನೆ ನಡೆಸಿರಿ. ಮಕ್ಕಳು ತೀರ್ಮಾನಿಸಿ ತಿಳಿಸುವುದು ಸಮಾಲೋಚನೆಯಲ್ಲ. ಕೊನೆಯ ದಿನಗಳನ್ನು ಎಲ್ಲಿ ಕಳೆಯಬಯಸುತ್ತೀರಿ ಎಂದು ಮೊದಲು ತಂದೆತಾಯಿಯನ್ನು ಕೇಳಿರಿ. ಅಲ್ಲಿ ಎಂದರೆ, ಅಲ್ಲಿ ನಿಜವಾಗಿಯೂ ಮನೆ ಮಾಡಿಕೊಡಿರಿ. ಇಲ್ಲಿ ಎಂದರೆ, ಅರಿತವರ ಸಲಹೆ ಪಡೆದು ಕಾರ್ಡನ್ನು ಗೌರವದಿಂದ ಮರಳಿಸಿರಿ. ಬಳಿಕ ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಬಹುದು. ಸಿಗುತ್ತದೆಂಬ ಭರವಸೆ ಇಲ್ಲ, ಆದರೆ ದಾರಿ ಇದೆ. ಮುಂದೆ ಮನಸ್ಸು ಬದಲಾದರೆ ಪೌರತ್ವವುಳ್ಳ ಮಗ ಅಥವಾ ಮಗಳು ಹೊಸದಾಗಿ ಅರ್ಜಿ ಸಲ್ಲಿಸಬಹುದು. ತಂದೆತಾಯಿ ಇಲ್ಲಿಯೇ ಉಳಿದರೆ ಪ್ರಯಾಣದ ಹೊಣೆ ಮಕ್ಕಳದು. ರಜೆಯಲ್ಲಿ ನೀವೇ ಬನ್ನಿರಿ, ಮೊಮ್ಮಕ್ಕಳನ್ನು ಕರೆತನ್ನಿರಿ.

ಸತ್ಯವನ್ನೇ ನುಡಿಯುವ, ಮಾತಾಪಿತರ ಇಷ್ಟವನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.