ನೀರು ಏರುವ ಮುನ್ನವೇ ಸೇತುವೆ

(ಸಾಗರದಲ್ಲಿ ವರ್ತಕರು ಮತ್ತು ಪದವೀಧರ ಯುವಜನರನ್ನುದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಕೃತಕ ಬುದ್ಧಿಮತ್ತೆ ಎಂಬ ಪದ ನಮ್ಮ ಪಟ್ಟಣಗಳಿಗೆ ಈಗ ಹೊಸದಲ್ಲ. ಒಂದು ವರ್ಗ ಅದನ್ನು ಪವಾಡವೆಂದು ಹೊಗಳುತ್ತಿದೆ. ಇನ್ನೊಂದು ವರ್ಗ ಪ್ರಳಯವೆಂದು ಹೆದರಿಸುತ್ತಿದೆ. ಈ ಗದ್ದಲದ ನಡುವೆ ಕೇಳಲೇಬೇಕಾದ ಸರಳ ಪ್ರಶ್ನೆಯೊಂದು ಹಿಂದೆ ಉಳಿದಿದೆ: ಇದರಿಂದಾಗುವ ಉಳಿತಾಯ ಯಾರಿಗೆ ಸೇರುತ್ತದೆ? ಅದರ ಬೆಲೆಯನ್ನು ಯಾರು ತೆರುತ್ತಾರೆ?

ಈ ಪ್ರಶ್ನೆಯ ತೂಕವನ್ನು ನಮ್ಮ ನೆಲದವರಿಗೆ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರ ಸೀಮೆಯ ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ತುಮರಿ ಭಾಗದ ಜನ ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾಯುತ್ತಾ ಬದುಕಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ವಿದ್ಯುತ್ತು ಬೇಡವಾಗಿತ್ತೆಂದು ಯಾರೂ ಹೇಳುವುದಿಲ್ಲ. ಆದರೆ ನೀರು ಏರುವುದು ಮೊದಲೇ ತಿಳಿದಿದ್ದರೂ ಸೇತುವೆಗೆ 60 ವರ್ಷ ಕಾಯಬೇಕಾಯಿತಲ್ಲ, ಅದು ನಮ್ಮ ನೋವು.

ಇಂದು ಇನ್ನೊಂದು ನೀರು ಏರುತ್ತಿದೆ. ಗ್ರಾಹಕರ ಪ್ರಶ್ನೆಗೆ ಉತ್ತರಿಸುವುದು, ಬಿಲ್ಲಿನ ಫೋಟೋ ನೋಡಿ ಲೆಕ್ಕಕ್ಕೆ ಏರಿಸುವುದು, ಪತ್ರ ಸಿದ್ಧಪಡಿಸುವುದು, ದಾಸ್ತಾನಿನ ಪಟ್ಟಿ ಮಾಡುವುದು, ಬಾಕಿಯ ನೆನಪೋಲೆ ಕಳುಹಿಸುವುದು ಮುಂತಾದ ನಿತ್ಯದ ಕೆಲಸಗಳನ್ನು ಸಂಸ್ಥೆಗಳು ಯಂತ್ರಕ್ಕೆ ಒಪ್ಪಿಸುತ್ತಿವೆ. 2023ರ ಜುಲೈಯಲ್ಲಿ ಬೆಂಗಳೂರಿನ 'ದುಕಾನ್' ಎಂಬ ಸಂಸ್ಥೆಯ ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗದ ಶೇ. 90ರಷ್ಟು ಸಿಬ್ಬಂದಿಯನ್ನು ಕೈಬಿಟ್ಟು ಆ ಕೆಲಸವನ್ನು ಚಾಟ್‌ಬಾಟ್‌ಗೆ ವಹಿಸಿರುವುದಾಗಿಯೂ, ವೆಚ್ಚ ಶೇ. 85ರಷ್ಟು ಇಳಿದಿರುವುದಾಗಿಯೂ ಬಹಿರಂಗವಾಗಿ ಪ್ರಕಟಿಸಿದರು. ಆ ಸೇತುವೆ ಉದ್ಘಾಟನೆಯಾದ ತಿಂಗಳಲ್ಲೇ ಟಿಸಿಎಸ್ ಕಂಪೆನಿ ತನ್ನ ಸಿಬ್ಬಂದಿಯ ಸುಮಾರು ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಮಿಕ್ಕಿ ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ತಿಳಿಸಿತು. ಇದಕ್ಕೆ ಕಾರಣ ಕೌಶಲದ ಹೊಂದಾಣಿಕೆಯ ಕೊರತೆಯೇ ಹೊರತು ಕೃತಕ ಬುದ್ಧಿಮತ್ತೆಯಲ್ಲ ಎಂದು ಕಂಪೆನಿ ಹೇಳಿತು. ಕಾರಣ ಯಾವುದೇ ಇರಲಿ, ಹಳೆಯ ಕೌಶಲಕ್ಕೆ ಬೇಡಿಕೆ ಕುಗ್ಗುತ್ತಿದೆ ಎಂಬುದಂತೂ ಸ್ಪಷ್ಟ.

ಹಾಗಾದರೆ ಯಂತ್ರ ಸರ್ವಜ್ಞನೇ? ಖಂಡಿತ ಅಲ್ಲ. ಮನುಷ್ಯರು ಬರೆದ ಅಪಾರ ಬರಹವನ್ನು ಅರಗಿಸಿಕೊಂಡು, ಮುಂದೆ ಯಾವ ಪದ ಬರಬಹುದೆಂದು ಊಹಿಸಲು ಕಲಿತ ಯಂತ್ರವದು. ತಪ್ಪನ್ನೂ ಅದು ಅಷ್ಟೇ ವಿಶ್ವಾಸದಿಂದ ಹೇಳುತ್ತದೆ. ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್ ರಿಯಾಯಿತಿಯ ಕುರಿತು ತಪ್ಪು ಮಾಹಿತಿ ನೀಡಿತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬಂತೆ ಕಂಪೆನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿ ಈ ವಾದವನ್ನು ತಳ್ಳಿಹಾಕಿ ಪರಿಹಾರ ನೀಡಲು ಆದೇಶಿಸಿತು. ಸ್ವೀಡನ್ನಿನ ಕ್ಲಾರ್ನಾ ಸಂಸ್ಥೆ ತನ್ನ ಯಂತ್ರ 700 ನೌಕರರ ಕೆಲಸ ಮಾಡುತ್ತದೆಂದು 2024ರಲ್ಲಿ ಹೇಳಿಕೊಂಡಿತ್ತು. 2025ರಲ್ಲಿ ಸೇವೆಯ ಗುಣಮಟ್ಟದ ಕಾರಣಕ್ಕೆ ಮತ್ತೆ ಮನುಷ್ಯರನ್ನೇ ನೇಮಿಸಿಕೊಳ್ಳಲು ಮುಂದಾಯಿತು. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಗ್ರಾಹಕನ ನಂಬಿಕೆ ಅಂಗಡಿಯವನ ಬಳಿ ಇರುವ ಅಮಾನತ್ತು.

ಬಂಧುಗಳೇ, ನಮ್ಮ ಅಡಿಕೆ ವ್ಯಾಪಾರವನ್ನೇ ನೋಡಿ. ಸುಲಿಯುವ ಯಂತ್ರ ಬಂದಾಗ ಮೆಟ್ಟುಗತ್ತಿ ಬಹುಮಟ್ಟಿಗೆ ಮೂಲೆ ಸೇರಿತು. ಅಲ್ಲಿ ಯಂತ್ರ ಕಿತ್ತುಕೊಂಡದ್ದು ಕೈಯ ಕೆಲಸವನ್ನು. ಈಗ ಬಂದಿರುವುದು ಗುಮಾಸ್ತನ ಮೇಜಿಗೆ ಕೈಹಾಕುತ್ತಿದೆ. ಇಲ್ಲಿಯೇ ನಾವು ಗಮನಿಸದ ಅಪಾಯವಿದೆ. ಮಂಡಿಯಲ್ಲಿ ಬಿಲ್ಲು ಬರೆಯುವ ಹುಡುಗ ಬಿಲ್ಲನ್ನಷ್ಟೇ ಬರೆಯುವುದಿಲ್ಲ. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಕಣ್ಣಳತೆಯಲ್ಲೇ ಗುರುತಿಸಲು ಕಲಿಯುತ್ತಾನೆ. ಯಾರಿಗೆ ಸಾಲ ಕೊಡಬಹುದು, ಮಾತು ತಪ್ಪಿದ ರೈತನ ಕಷ್ಟವೇನು ಎಂಬುದನ್ನು ಅರಿಯುತ್ತಾನೆ. ಹತ್ತು ವರ್ಷದ ಬಳಿಕ ಅವನೇ ಸ್ವಂತ ಅಂಗಡಿ ತೆರೆಯುತ್ತಾನೆ. ಬಂಡವಾಳವಿಲ್ಲದ ಮನೆಯ ಮಕ್ಕಳಿಗೆ ವ್ಯಾಪಾರದ ಪಾಠಶಾಲೆ ಅದೊಂದೇ. ಏಣಿಯ ಮೊದಲ ಮೆಟ್ಟಿಲನ್ನೇ ಕಿತ್ತರೆ ಮೇಲೇರುವವರು ಎಲ್ಲಿಂದ ಬರುತ್ತಾರೆ? ಯಂತ್ರದ ತಪ್ಪನ್ನು ಹಿಡಿಯಬಲ್ಲ ಅನುಭವಿ ನಾಳೆ ನಿಮ್ಮ ಅಂಗಡಿಯಲ್ಲಾದರೂ ಎಲ್ಲಿರುತ್ತಾನೆ?

ಆದ್ದರಿಂದ ವರ್ತಕರಲ್ಲಿ ನನ್ನ ವಿನಂತಿ: ಯಂತ್ರವನ್ನು ಬಳಸಿರಿ, ಆದರೆ ಅದನ್ನು ನಿಮ್ಮ ಗುಮಾಸ್ತನ ಕೈಗೆ ಕೊಡಿರಿ, ಅವನ ಕುರ್ಚಿಗೆ ಕೂರಿಸಬೇಡಿರಿ. ಲೆಕ್ಕ ಬರೆಯುವ ಹೊತ್ತು ಉಳಿದರೆ ಅವನನ್ನು ಖರೀದಿಗೆ, ವಸೂಲಿಗೆ, ಗ್ರಾಹಕರ ಭೇಟಿಗೆ ಕಳುಹಿಸಿರಿ. ಯಂತ್ರ ಬರೆದ ಬಿಲ್ಲು, ದರ, ಉತ್ತರ ಯಾವುದೂ ಮನುಷ್ಯನ ಕಣ್ಣು ದಾಟದೆ ಹೊರಹೋಗದಿರಲಿ.

ಯುವಕರೇ, ಯುವತಿಯರೇ, ಬೆರಳಚ್ಚು ಮತ್ತು ಡೇಟಾ ಎಂಟ್ರಿಯ ಸರ್ಟಿಫಿಕೇಟನ್ನು ನೆಚ್ಚಿ ಕೂರುವ ಕಾಲ ಮುಗಿಯುತ್ತಿದೆ. ಯಂತ್ರ ಕೊಟ್ಟ ಜಿಎಸ್‌ಟಿ ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬಲ್ಲವರಿಗೆ ಬೆಲೆಯಿದೆ. ಗುಂಡಿ ಒತ್ತಲು ಮಾತ್ರ ಬಲ್ಲವರಿಗೆ ಇಲ್ಲ. ಲೆಕ್ಕಶಾಸ್ತ್ರವನ್ನು ಬುಡದಿಂದ ಕಲಿಯಿರಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಶುದ್ಧವಾಗಿ ಬರೆಯಿರಿ. ಒಂದು ಕಸುಬಿನ ಒಳಹೊರಗನ್ನು ಅರಿತ ಮೇಲೆ ಈ ಯಂತ್ರವನ್ನು ಕೈಗೆತ್ತಿಕೊಳ್ಳಿರಿ. ಆಗ ಅದು ನಿಮ್ಮ ಆಳಾಗುತ್ತದೆ.

ಜಮಾಅತ್‌ಗಳ ಮತ್ತು ವರ್ತಕ ಸಂಘಗಳ ಹಿರಿಯರಿಗೆ ಕೊನೆಯ ಮಾತು. ಸಭಾಂಗಣಗಳಿಗೆ ನಾವು ಉದಾರವಾಗಿ ಖರ್ಚು ಮಾಡುತ್ತೇವೆ. ಅದೇ ಸಭಾಂಗಣದಲ್ಲಿ ವಾರಕ್ಕೆರಡು ಸಂಜೆ, ನಾಲ್ಕು ಕಂಪ್ಯೂಟರ್ ಇಟ್ಟು, ಊರಿನ ಒಬ್ಬ ಲೆಕ್ಕಪರಿಶೋಧಕರನ್ನೂ ಒಬ್ಬ ಅನುಭವಿ ವರ್ತಕರನ್ನೂ ಕೂರಿಸಿ, ಜಾತಿಮತದ ಭೇದವಿಲ್ಲದೆ ಊರಿನ ಮಕ್ಕಳಿಗೆ ಕಲಿಸಲು ಸಾಧ್ಯವಿಲ್ಲವೇ? ನಮ್ಮ ಹಿಂದಿನವರಿಗೆ ಸೇತುವೆ ಕಟ್ಟುವ ಅಧಿಕಾರವಿರಲಿಲ್ಲ, ಅವರು ಕಾದರು. ಈ ಸೇತುವೆಗೆ ಸರಕಾರದ ಅನುದಾನವೂ ಬೇಕಿಲ್ಲ, ಸಚಿವರ ಉದ್ಘಾಟನೆಯೂ ಬೇಕಿಲ್ಲ. ಈ ಸಭೆಯಿಂದ ಹೊರಡುವ ಮುನ್ನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಈ ಮೂರೂ ತಾಲೂಕುಗಳಿಂದ ತಲಾ ಇಬ್ಬರು ಹೊಣೆ ವಹಿಸಿಕೊಂಡರೆ ಬರುವ ತಿಂಗಳಲ್ಲೇ ಕೆಲಸ ಆರಂಭವಾಗಬಹುದು.